ಮೇಲೆ ಎಣ್ಣೆ, ಕೆಳಗೆ ಕ್ಷಾರ: ಮೂರನೇ ಸುತ್ತಿನ ಸಾಬೂನು ಕೆಟ್ಟದ್ದೇಕೆ?

ಡಿಸೆಂಬರ್ 21

ಮೊನ್ನೆ ಬೆಳಿಗ್ಗೆ ಅಚ್ಚಿಗೆ ಸುರಿದಿದ್ದ ಸಾಬೂನನ್ನು ಇಂದು ತೆರೆದಾಗ ಮೇಲ್ಭಾಗದಲ್ಲಿ ತೆಳುವಾಗಿ ಎಣ್ಣೆ ನಿಂತಿತ್ತು. ಕೆಳಗಿನ ಗಟ್ಟಿ ಭಾಗವನ್ನು ಕೊಯ್ದರೆ ಸುಣ್ಣದ ಹರಳಿನಂತಹ ಬಿಳಿ ಚುಕ್ಕೆಗಳು ಕಂಡವು. ಒಂದೆರಡು ಗುಳಿಗಳಿಂದ ನೀರೂ ಒಸರಿತು. ಅದು ಕ್ಷಾರದ (ಕಾಸ್ಟಿಕ್ ಸೋಡಾ ಕರಗಿದ) ನೀರೇ ಆಗಿರಬೇಕೆಂದು ಕೈಗವಸು ತೆಗೆಯಲಿಲ್ಲ.

ಅಳತೆ ಹೀಗಿತ್ತು: ಗಾಣದ ಕೊಬ್ಬರಿ ಎಣ್ಣೆ 600 ಗ್ರಾಂ, ಎಳ್ಳೆಣ್ಣೆ 300 ಗ್ರಾಂ, ಹರಳೆಣ್ಣೆ 100 ಗ್ರಾಂ. ಇಷ್ಟು ಎಣ್ಣೆ ಪೂರ್ತಿ ಸಾಬೂನಾಗಲು ಸುಮಾರು 163 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಚರ್ಮಕ್ಕೆ ಹಿತವಾಗಲೆಂದು ಶೇ. 5 ಕಡಿಮೆ ಮಾಡಿ 155 ಗ್ರಾಂ ಹಾಕಿದ್ದೆ, ನೀರು 310 ಗ್ರಾಂ. ಅಂದರೆ ತೂಕದಲ್ಲಿ ಎಂಟು ಗ್ರಾಂ ಹೆಚ್ಚಾದರೂ ರಕ್ಷಣೆಗೆಂದು ಉಳಿಸಿದ ಎಣ್ಣೆಯೆಲ್ಲ ಮುಗಿದುಹೋಗುತ್ತದೆ. ಆದ್ದರಿಂದ ಮೊದಲು ತಕ್ಕಡಿಯ ಮೇಲೆಯೇ ಅನುಮಾನ ಬಂತು. 2011ರ ಮಾದರಿಯ ಐದು ರೂಪಾಯಿ ನಾಣ್ಯ 6 ಗ್ರಾಂ ತೂಗುತ್ತದೆ. ಅಂಥ ಹತ್ತನ್ನು ಇಟ್ಟು ನೋಡಿದರೆ ತಕ್ಕಡಿ 60 ತೋರಿಸಿತು.

ಡಿಸೆಂಬರ್ 22

ರಾತ್ರಿಯೆಲ್ಲ ಯೋಚಿಸಿದ ಮೇಲೆ ಒಂದು ವಿಷಯ ಹೊಳೆಯಿತು. ಸೋಡಾ ನಿಜವಾಗಿ ಹೆಚ್ಚಾಗಿದ್ದರೆ ಮೇಲೆ ಎಣ್ಣೆ ಉಳಿಯಬಾರದಿತ್ತು, ಎಣ್ಣೆ ಹೆಚ್ಚಾಗಿದ್ದರೆ ಕೆಳಗೆ ಕ್ಷಾರ ಉಳಿಯಬಾರದಿತ್ತು. ಎರಡೂ ಒಟ್ಟಿಗೆ ಉಳಿದಿವೆಯೆಂದರೆ ತಪ್ಪು ಅಳತೆಯದಲ್ಲ, ಬೆರೆಕೆಯದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ, ಅಂದು ಅಡುಗೆಮನೆ ಅದಕ್ಕಿಂತ ತಣ್ಣಗಿತ್ತು. ನಾನು ದೋಸೆ ಹಿಟ್ಟಿನ ಹದ ಬಂತೆಂದು ಸುರಿದದ್ದು ಸಾಬೂನಿನ ಹದವಾಗಿರಲಿಲ್ಲ. ಎಣ್ಣೆ ತಣಿದು ದಪ್ಪವಾಗಿತ್ತು, ಅಷ್ಟೆ. ಅಚ್ಚಿನಲ್ಲಿ ಮೆಲ್ಲಗೆ ಕಾವು ಏರಿದಾಗ ಅದು ಮತ್ತೆ ಕರಗಿ ಕ್ಷಾರದಿಂದ ಬೇರೆಯಾಗಿದೆ.

ಕೆಟ್ಟದ್ದನ್ನು ಎಸೆಯಲು ಮನಸ್ಸಾಗಲಿಲ್ಲ. ತುರಿದು, ನಿಂತಿದ್ದ ಎಣ್ಣೆಯನ್ನೂ ಒಸರಿದ ನೀರನ್ನೂ ಬಿಡದೆ ಸ್ಟೀಲ್ ಪಾತ್ರೆಗೆ ಹಾಕಿ, ಕುದಿಯುವ ನೀರಿನ ಮೇಲಿಟ್ಟು ಒಂದೂವರೆ ಗಂಟೆ ಕೈಯಾಡಿಸಿದೆ. (ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ತಿನ್ನುತ್ತದೆ, ಜಲಜನಕವೂ ಹೊರಡುತ್ತದೆ, ಅದನ್ನು ಬಳಸಲೇಬಾರದು.) ಕೊನೆಗೆ ಹಿಸುಕಿದ ಆಲೂಗಡ್ಡೆಯಂತೆ ಅಂಟಾಗಿ, ಅಂಚಿನಲ್ಲಿ ಮೇಣದ ಹೊಳಪು ಬಂದಾಗ ಒತ್ತಿ ಅಚ್ಚಿಗೆ ತುಂಬಿದೆ. ನೋಡಲು ಒರಟು, ಆದರೆ ಬಿಳಿ ಚುಕ್ಕೆ ಒಂದೂ ಇಲ್ಲ.

ಡಿಸೆಂಬರ್ 28

ನಾಲ್ಕನೇ ಸುತ್ತಿನಲ್ಲಿ ಅದೇ ತಕ್ಕಡಿ, ಅದೇ ಸೋಡಾ, ಅದೇ ಎಣ್ಣೆ. ಬದಲಿಸಿದ್ದು ಕಾವನ್ನು ಮಾತ್ರ. ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ (ನೀರನ್ನು ಸೋಡಾಕ್ಕೆ ಸುರಿದರೆ ಸಿಡಿಯುತ್ತದೆ) ಆರಲು ಬಿಟ್ಟು, ಎಣ್ಣೆಯೂ ಕ್ಷಾರವೂ 40 ಡಿಗ್ರಿಗೆ ಬಂದಾಗ ಕೂಡಿಸಿದೆ. ಈ ಬಾರಿ ಹದ ಬರಲು ಹೆಚ್ಚು ಹೊತ್ತು ಹಿಡಿಯಿತು, ಆದರೆ ಸೌಟಿನಿಂದ ಬಿದ್ದ ಎಳೆ ಮೇಲೆಯೇ ನಿಂತು ನಿಧಾನವಾಗಿ ಮುಳುಗಿತು. ಅಚ್ಚಿಗೆ ದಪ್ಪ ಟವೆಲ್ ಸುತ್ತಿಟ್ಟೆ.

ಡಿಸೆಂಬರ್ 30

ಕೊಯ್ದ ಹೋಳುಗಳು ಒಳಗೆಲ್ಲ ಒಂದೇ ಬಣ್ಣವಾಗಿವೆ, ಎಣ್ಣೆ ನಿಂತಿಲ್ಲ. ಮೇಲೆ ಬೂದಿಯಂತೆ ಕುಳಿತಿದ್ದ ತೆಳು ಬಿಳುಪು, ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದಾದ ಸೋಡಿಯಂ ಕಾರ್ಬೊನೇಟ್. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಯಿತು. ಮೊದಲ ಹೋಳು 112 ಗ್ರಾಂ ಇದೆ. ಆರು ವಾರ ಗಾಳಿಗಿಟ್ಟು ಪ್ರತಿ ಭಾನುವಾರ ತೂಗುತ್ತೇನೆ. ತೂಕ ಇಳಿಯುವುದು ನಿಂತ ದಿನ ಸ್ನಾನದ ಮನೆಗೆ ಒಯ್ಯುತ್ತೇನೆ.