ಕಾಳಿ ನದಿಗೆ ಬಣ್ಣ ಹುಡುಕುತ್ತ

ಚೌತಿ ಹಬ್ಬಕ್ಕೆ ಬಂದಿದ್ದ ಅಣ್ಣನ ಮಗಳು ಹೋಗುವಾಗ ತನ್ನ ಹಳೆಯ ಪೆನ್ ಟ್ಯಾಬ್ಲೆಟ್ಟನ್ನು ನಮ್ಮ ಮನೆಯಲ್ಲೇ ಬಿಟ್ಟುಹೋದಳು. ಹೊಸದು ಕೊಂಡಿದ್ದಾಳಂತೆ. "ಅತ್ತೆ, ಶಾಲೆಯ ಗೋಡೆಯ ಮೇಲೆಲ್ಲ ಚಿತ್ರ ಬರೆಯುತ್ತೀಯಲ್ಲ, ಇದರಲ್ಲೂ ಒಂದು ಕೈ ನೋಡು" ಎಂದಳು. ಬೆರಳ ದಪ್ಪವೂ ಇಲ್ಲದ ಕಪ್ಪು ಹಲಗೆ, ಅದಕ್ಕೊಂದು ಪೆನ್ನು. ಪೆನ್ನು ಆಡುವುದು ಹಲಗೆಯ ಮೇಲೆ, ಗೆರೆ ಮೂಡುವುದು ಲ್ಯಾಪ್‌ಟಾಪಿನ ಪರದೆಯಲ್ಲಿ. ಕನ್ನಡಿ ನೋಡಿಕೊಂಡು ಬೈತಲೆ ತೆಗೆಯುವ ಹಾಗೆ, ಕೈ ಒಂದು ಕಡೆ, ಕಣ್ಣು ಒಂದು ಕಡೆ. ಅದೊಂದು ಹಿಡಿತಕ್ಕೆ ಸಿಕ್ಕಿದ ಮೇಲೆ ಉಳಿದದ್ದೆಲ್ಲ ಗೋಡೆಯ ಮೇಲೆ ಬರೆದಷ್ಟೇ ಸುಲಭ ಅಥವಾ ಅಷ್ಟೇ ಕಷ್ಟ.

ಕ್ರಿತಾ ಎನ್ನುವ ತಂತ್ರಾಂಶವನ್ನು ಅವಳೇ ಹಾಕಿಕೊಟ್ಟಿದ್ದಳು. ಹಣ ಕೊಡಬೇಕಾಗಿಲ್ಲ, ಯಾರು ಬೇಕಾದರೂ ಬಳಸಬಹುದು. ಕಲಿಯುವ ದಾರಿಯನ್ನೂ ಅವಳೇ ಹೇಳಿದಳು: ಮನಸ್ಸಿಗೆ ಬಂದದ್ದನ್ನು ಬರೆಯುತ್ತ ಕೂರಬೇಡ, ನಿನಗೆ ಚೆನ್ನಾಗಿ ಗೊತ್ತಿರುವ ಒಂದು ಜಾಗದ ಫೋಟೋ ಮುಂದಿಟ್ಟುಕೊಂಡು ಅದನ್ನೇ ಮತ್ತೆ ಕಟ್ಟು.

ಕಾರವಾರದಲ್ಲಿರುವವರಿಗೆ ಚೆನ್ನಾಗಿ ಗೊತ್ತಿರುವ ಜಾಗ ಎಂದರೆ ಇನ್ನೇನು? ಕೋಡಿಬಾಗದ ದಂಡೆಯಲ್ಲಿ ನಿಂತು 2023ರ ಡಿಸೆಂಬರಿನ ಒಂದು ಸಂಜೆ ತೆಗೆದ ಫೋಟೋ ಮೊಬೈಲಿನಲ್ಲಿತ್ತು. ಎಡಕ್ಕೆ ಸದಾಶಿವಗಡದ ಗುಡ್ಡ, ನಡುವೆ ಕಾಳಿ ನದಿಯ ಮೇಲೆ ಹಳೆಯದು ಹೊಸದು ಎರಡೂ ಸೇತುವೆಗಳು, ಬಲಕ್ಕೆ ದೂರದಲ್ಲಿ ಸಹ್ಯಾದ್ರಿಯ ಸಾಲು. ಮುಂದೆ, ಇಳಿತದಲ್ಲಿ ಮೇಲೆದ್ದ ಮರಳದಿಬ್ಬದ ಪಕ್ಕ ಲಂಗರು ಹಾಕಿದ ಒಂದು ದೋಣಿ. ಜೊಯಿಡಾದ ಡಿಗ್ಗಿಯ ಕಾಡಿನಲ್ಲಿ ಹುಟ್ಟಿ, 184 ಕಿಲೋಮೀಟರ್ ಹರಿದು, ಅಣೆಕಟ್ಟುಗಳನ್ನೆಲ್ಲ ದಾಟಿ ಬಂದ ನದಿ ಇಲ್ಲಿ ಅಗಲವಾಗಿ ಸಮುದ್ರ ಸೇರುತ್ತದೆ. ಇದೇ ನದಿಯಲ್ಲಿ ಬೆಳದಿಂಗಳ ದೋಣಿಯಾನ ಮಾಡಿದ್ದನ್ನು ರವೀಂದ್ರನಾಥ ಟಾಗೋರರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಆಗ ಅವರಿಗೆ ಇಪ್ಪತ್ತರ ಮೇಲೆ ಒಂದೆರಡು ವಯಸ್ಸು. ಕುಂಚ ಹಿಡಿದದ್ದು ಮಾತ್ರ ಅರವತ್ತು ದಾಟಿದ ಮೇಲೆ. ಅವರ ಚಿತ್ರಗಳ ಮೊದಲ ಪ್ರದರ್ಶನ 1930ರಲ್ಲಿ ಪ್ಯಾರಿಸ್ಸಿನಲ್ಲಿ ನಡೆಯಿತು. ನಿವೃತ್ತಿಗೆ ಹತ್ತಿರವಾದ ನನ್ನಂಥವರಿಗೆ ಇದು ಬಹಳ ಅನುಕೂಲದ ಸಂಗತಿ.

ಫೋಟೋದಿಂದ ಬಣ್ಣವನ್ನು ನೇರವಾಗಿ ಎತ್ತಿಕೊಳ್ಳುವ ಸೌಲಭ್ಯ ಈ ತಂತ್ರಾಂಶದಲ್ಲಿದೆ. ಕಂಟ್ರೋಲ್ ಕೀಲಿ ಒತ್ತಿ ಪೆನ್ನಿನಿಂದ ಮುಟ್ಟಿದರೆ ಆ ಬಿಂದುವಿನ ಬಣ್ಣ ಕುಂಚಕ್ಕೆ ಬಂದು ಕೂರುತ್ತದೆ. ಹುಡುಗಿ ಕಟ್ಟಪ್ಪಣೆ ಮಾಡಿದ್ದಳು: ಮೊದಲು ಊಹಿಸಿ ಹಚ್ಚು, ಆಮೇಲೆ ಎತ್ತಿಕೊಂಡು ಅದರ ಪಕ್ಕದಲ್ಲೇ ಹಚ್ಚಿ ನೋಡು. ಎತ್ತಿಕೊಳ್ಳುವುದನ್ನೇ ಮೊದಲು ಮಾಡಿದರೆ ಚಿತ್ರ ಬರುತ್ತದೆ, ಕಣ್ಣು ಬರುವುದಿಲ್ಲ.

ನದಿಯ ನೀರಿಗೆ ನಾನು ಊಹಿಸಿದ್ದು ನೀಲಿ, ಅದಕ್ಕೆ ಒಂದು ಹನಿ ಹಸಿರು. ದಿನಾ ಶಾಲೆಗೆ ಹೋಗುವಾಗ ಬರುವಾಗ ನೋಡುವ ನದಿ, ಅದರಲ್ಲಿ ಅನುಮಾನವೇನು ಬಂತು? ಆಮೇಲೆ ಫೋಟೋದ ನೀರನ್ನು ಪೆನ್ನಿನಿಂದ ಮುಟ್ಟಿದೆ. ಬಂದದ್ದು ಸ್ವಲ್ಪ ಹಳದಿ ಬೆರೆತ ಬೂದು. ಬಣ್ಣದ ಅಂಕಿಗಳನ್ನು ತೆರೆದು ನೋಡಿದೆ. ಕೆಂಪು, ಹಸಿರು, ನೀಲಿ ಮೂರನ್ನೂ ಅಲ್ಲಿ 0ಯಿಂದ 255ರೊಳಗೆ ಅಳೆದಿರುತ್ತದೆ. ಆ ನೀರಿನಲ್ಲಿ ಎಲ್ಲಕ್ಕಿಂತ ಕಡಿಮೆ ಇದ್ದದ್ದು ನೀಲಿಯೇ! ನಂಬಿಕೆ ಬಾರದೆ ಬೇರೆ ಬೇರೆ ಕಡೆ ಮುಟ್ಟಿದೆ. ಇಳಿಹೊತ್ತಿನ ಆಕಾಶವನ್ನು ಹೊತ್ತ ನೀರು ಎಲ್ಲಿ ಮುಟ್ಟಿದರೂ ಬೂದುಬೂದು. ಇನ್ನೂ ಆಶ್ಚರ್ಯದ್ದು ಮುಂದಿತ್ತು. ಆ ಮಂಕು ಬೂದನ್ನು ಮರಳದಿಬ್ಬದ ಕೇಸರಿಗೆ ತಾಗುವಂತೆ ಹಚ್ಚಿದ ತಕ್ಷಣ ಅದು ತಣ್ಣನೆಯ ನೀಲಿಯಾಗಿ ಕಾಣತೊಡಗಿತು.

ಇದಕ್ಕೆ ವಿವರಣೆ ಕೊಟ್ಟವನು ಷೆವ್ರೆಲ್ ಎನ್ನುವ ಫ್ರೆಂಚ್ ರಸಾಯನಶಾಸ್ತ್ರಜ್ಞ. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ಅವನ ಕೈಯಲ್ಲಿತ್ತು. ಕಪ್ಪು ಬಣ್ಣದಲ್ಲಿ ಕಸುವಿಲ್ಲ ಎಂಬ ದೂರು ಬಂದಾಗ ಪರೀಕ್ಷಿಸಿದ. ಬಣ್ಣದಲ್ಲಿ ಏನೂ ಕೊರತೆ ಇರಲಿಲ್ಲ. ಪಕ್ಕದಲ್ಲಿ ನೇಯ್ದ ಬೇರೆ ಎಳೆಗಳಿಂದಾಗಿ ಕಪ್ಪು ಹಾಗೆ ಕಾಣುತ್ತಿತ್ತು. 1839ರಲ್ಲಿ ಅದನ್ನೆಲ್ಲ ಗ್ರಂಥವಾಗಿ ಬರೆದ. ಬಣ್ಣ ತಾನಾಗಿ ಏನೂ ಅಲ್ಲ, ನೆರೆಹೊರೆಯಿಂದಲೇ ಅದಕ್ಕೆ ಮರ್ಯಾದೆ. ಮಕ್ಕಳಿಗೆ ನೀರು ನೀಲಿ, ಮರ ಹಸಿರು, ಮಣ್ಣು ಕಂದು ಎಂದು ಇಷ್ಟು ವರ್ಷ ಹೇಳಿಕೊಟ್ಟವಳು ನಾನು. ಆ ಮಾತನ್ನು ವಾಪಸು ಪಡೆಯುವ ಉದ್ದೇಶವೇನೂ ಇಲ್ಲ, ಒಂದನೆಯ ತರಗತಿಗೆ ಅದು ಸಾಕು.

ದೂರದ ಸಹ್ಯಾದ್ರಿಯ ಕಥೆಯೂ ಅಷ್ಟೇ. ಕಾಡು ಎಂದು ಗೊತ್ತಿದ್ದ ಕಾರಣ ಕೈ ತಾನಾಗಿ ಹಸಿರಿಗೆ ಹೋಗುತ್ತಿತ್ತು. ನಾನು ಹುಟ್ಟಿ ಬೆಳೆದದ್ದು ಶಿರಸಿಯ ಕಡೆ, ಅಡಿಕೆ ತೋಟದ ತಲೆಯ ಮೇಲಿನ ಮನೆಯಲ್ಲಿ. ಅಲ್ಲಿ ಹಸಿರು ಮೈಮೇಲೇ ಬರುತ್ತದೆ. ಎದುರಿನ ಬೆಟ್ಟವೂ ಕೂಗಿದರೆ ಕೇಳುವಷ್ಟು ಹತ್ತಿರ. ದೂರ ಎನ್ನುವುದಕ್ಕೂ ಒಂದು ಬಣ್ಣವಿದೆ ಎಂದು ತಿಳಿಯಲು ಘಟ್ಟ ಇಳಿದೇ ಬರಬೇಕಾಯಿತು. ನಮಗೂ ಬೆಟ್ಟಕ್ಕೂ ನಡುವೆ ಇರುವ ಗಾಳಿ ಬಿಸಿಲಿನ ನೀಲಿಯನ್ನು ಹೆಚ್ಚು ಚದುರಿಸುತ್ತದೆ, ಆ ಚದುರಿದ ಬೆಳಕು ಬೆಟ್ಟದ ನೆರಳುಗಳ ಮೇಲೆ ತುಂಬಿಕೊಳ್ಳುತ್ತದೆ. ಹಾಗಾಗಿ ದೂರ ಹೋದಂತೆ ಬೆಟ್ಟ ನೀಲಿಯಾಗುವುದು ಮಾತ್ರವಲ್ಲ, ಅದರ ಬೆಳಕಿಗೂ ನೆರಳಿಗೂ ಅಂತರವೇ ಕಡಿಮೆಯಾಗುತ್ತದೆ. ಮೂರು ಸಾಲು ಬೆಟ್ಟಗಳನ್ನು, ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂಥ ಮೂರು ಪದರಗಳಲ್ಲಿ ಬರೆದು ಹಿಂದಿನದನ್ನು ತೆಳುವಾಗಿಸುತ್ತ ಹೋದಾಗ ಪರದೆಯೊಳಗೆ ಆಳ ಹುಟ್ಟಿತು. ನಿಜ ಹೇಳಬೇಕೆಂದರೆ ಅಂದು ರಾತ್ರಿ ಊಟಕ್ಕೆ ಕರೆದರೂ ಏಳಲಿಲ್ಲ.

ಆದರೆ ಫೋಟೋವನ್ನೂ ಪೂರ್ತಿ ನಂಬುವಂತಿಲ್ಲ. ಸದಾಶಿವಗಡದ ನೆರಳಿನ ಮಗ್ಗುಲು ಮೊಬೈಲಿನಲ್ಲಿ ಬರೀ ಕಪ್ಪು, ಎಷ್ಟು ಮುಟ್ಟಿದರೂ ಸೊನ್ನೆಯ ಆಸುಪಾಸಿನ ಅಂಕಿಗಳೇ. ಆಕಾಶವನ್ನು ಚೆಂದ ಮಾಡಲು ಹೋಗಿ ಕ್ಯಾಮೆರಾ ನೆರಳನ್ನು ಬಲಿಕೊಟ್ಟಿತ್ತು. ಮಳೆ ಬಿಟ್ಟ ಒಂದು ಸಂಜೆ ಕೊಡೆ ಹಿಡಿದು ಕೋಡಿಬಾಗಕ್ಕೇ ಹೋದೆ. ಗುಡ್ಡದ ನೆರಳಿನಲ್ಲಿ ಮೊದಲು ಕಂಡದ್ದು ಕಡುಹಸಿರು, ನೋಡುತ್ತ ನಿಂತರೆ ಅದರೊಳಗಿನ ಕೆಮ್ಮಣ್ಣಿನ ಛಾಯೆ, ಇನ್ನೂ ನಿಂತರೆ ಆಕಾಶದಿಂದ ಇಳಿದ ನಸುನೇರಳೆ. ಕಪ್ಪು ಎಲ್ಲೂ ಇರಲಿಲ್ಲ. ಮನೆಗೆ ಬಂದು ಆ ಭಾಗವನ್ನಷ್ಟೇ ಫೋಟೋ ಮುಚ್ಚಿಟ್ಟು ಬರೆದೆ.

ಅಂದು ದಂಡೆಯಲ್ಲಿ ಗುಡ್ಡಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಸೇತುವೆ ಎಂಬುದನ್ನೂ ಹೇಳಬೇಕು. 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ, ಹಳೆಯ ಸೇತುವೆ ಕುಸಿಯಿತು. ಮೇಲಿದ್ದ ಲಾರಿ ನದಿಗೆ ಬಿತ್ತು. ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ನಾಲ್ಕು ದಶಕ ಗೋವಾಕ್ಕೂ ನಮಗೂ ದಾರಿಯಾಗಿದ್ದದ್ದು ತುಂಡುತುಂಡಾಗಿ ನೀರಿನಲ್ಲಿತ್ತು.

ಚಿತ್ರದಲ್ಲಿ ಹಳೆಯ ಸೇತುವೆಯನ್ನು ಪ್ರತ್ಯೇಕ ಪದರದಲ್ಲಿ ಬರೆದಿದ್ದೆ. ಪದರಗಳ ಪಟ್ಟಿಯಲ್ಲಿ ಪ್ರತಿಯೊಂದರ ಪಕ್ಕ ಒಂದು ಪುಟ್ಟ ಕಣ್ಣಿನ ಗುರುತಿರುತ್ತದೆ, ಒತ್ತಿದರೆ ಆ ಪದರ ಮಾಯ, ಮತ್ತೆ ಒತ್ತಿದರೆ ಹಾಜರ್. ಸೇತುವೆಯನ್ನು ತೆಗೆಯುವುದೋ ಇಡುವುದೋ ಎಂದು ಆ ಕಣ್ಣನ್ನು ಒತ್ತುತ್ತ ಕುಳಿತೆ. ತೆಗೆದರೆ ಚಿತ್ರ ಹಗುರವಾಗಿ ಇನ್ನೂ ಚೆಂದ ಕಾಣುತ್ತಿತ್ತು ಎನ್ನುವುದೂ ನಿಜ. ಫೋನಿನಲ್ಲಿ ಹುಡುಗಿ, "ಈಗ ಇಲ್ಲವಲ್ಲ ಅತ್ತೆ, ತೆಗೆದುಬಿಡು" ಎಂದಳು. ನಾನು ಇಟ್ಟೆ. ನೀರಿನ ಮೇಲಿನ ಬೆಳಕು ಡಿಸೆಂಬರಿನದು, ಬೆಟ್ಟದ ಮಬ್ಬು ಡಿಸೆಂಬರಿನದು, ಸೇತುವೆ ಮಾತ್ರ ಸೆಪ್ಟೆಂಬರಿನದಾದರೆ ಹೇಗೆ? ಒಂದು ಚಿತ್ರ ಒಂದು ಹೊತ್ತಿನದಾಗಿರಬೇಕು. ಕಂಬಗಳ ಪ್ರತಿಬಿಂಬಗಳನ್ನೂ ಬಿಡದೆ ಬರೆದೆ. ಕಪ್ಪಾದದ್ದರ ಪ್ರತಿಬಿಂಬ ನೀರಿನಲ್ಲಿ ಒಂದಿಷ್ಟು ತಿಳಿಯಾಗಿಯೂ ಬಿಳಿಯದರ ಪ್ರತಿಬಿಂಬ ಒಂದಿಷ್ಟು ಮಂಕಾಗಿಯೂ ಇರುತ್ತದೆ ಎಂದು ಆಗ ತಿಳಿಯಿತು.

ಮುಗಿದ ಚಿತ್ರವನ್ನು ಮೊದಲು ತೋರಿಸಿದ್ದು ಪಕ್ಕದ ಮನೆಯ ಅಜ್ಜನಿಗೆ. ಬದುಕೆಲ್ಲ ಈ ನದಿಯಲ್ಲೂ ಕಡಲಲ್ಲೂ ಬಲೆ ಬೀಸಿದವರು. ಸೇತುವೆಯ ಬಗ್ಗೆ ಏನಾದರೂ ಹೇಳುತ್ತಾರೆಂದು ಕಾದೆ. ಅವರ ಬೆರಳು ನೇರವಾಗಿ ದೋಣಿಗಳ ಮೇಲೆ ಹೋಯಿತು. ಫೋಟೋದಲ್ಲಿ ಒಂದೇ ಇದ್ದದ್ದು. ಎಡಬದಿ ಬೋಳಾಗಿ ಕಂಡದ್ದರಿಂದ ನಾನು ಅದನ್ನೇ ನಕಲು ಮಾಡಿ, ಎಡಬಲ ತಿರುಗಿಸಿ, ಅಲ್ಲೊಂದು ನಿಲ್ಲಿಸಿದ್ದೆ.

"ಅಕ್ಕೋರೆ, ಇವೆರಡೂ ಲಂಗರು ಹಾಕಿದ ದೋಣಿಗಳಲ್ಲವೇ?"

"ಹೌದು."

"ಇದರ ಮೂತಿ ಹೊಳೆಯ ಮೇಲಿನ ಕದ್ರಾದ ಕಡೆಗೆ, ಅದರದು ಸಮುದ್ರದ ಕಡೆಗೆ. ಹೊಳೆಯಲ್ಲಿ ನೀರು ಎರಡು ಕಡೆಗೆ ಹರಿಯುತ್ತದೆಯೇ? ಲಂಗರು ಕಚ್ಚಿದ ದೋಣಿ ನೀರು ಬರುವ ಕಡೆಗೇ ಮುಖ ಮಾಡುತ್ತದೆ. ದಿಬ್ಬ ಮೇಲೆದ್ದಿದೆ ಎಂದರೆ ಇಳಿತ. ಇಳಿತದಲ್ಲಿ ಎಲ್ಲ ದೋಣಿಗಳ ಮೂತಿಯೂ ಮೇಲಕ್ಕೇ."

ಒಂದು ಹೊತ್ತು, ಒಂದು ಚಿತ್ರ ಎಂದು ಸೇತುವೆಯ ವಿಷಯದಲ್ಲಿ ಅಷ್ಟು ಹಟ ಹಿಡಿದವಳಿಗೆ ಬಾಯಿ ಬರಲಿಲ್ಲ. ದೋಣಿಯನ್ನು ತಿರುಗಿಸಿ ನೋಡಿದೆ. ಎರಡೂ ಬಲಕ್ಕೆ ಮುಖ ಮಾಡಿ, ಚಿತ್ರದಿಂದ ಹೊರಟುಹೋಗುವಂತೆ ಕಂಡವು. ಹುಡುಗಿಗೆ ಫೋನ್ ಮಾಡಿದರೆ ಅವಳದು ಕಲಾಶಾಲೆಯ ತೀರ್ಪು, "ಬಲದ ದೋಣಿ ಒಳಮುಖವಾಗಿಯೇ ಇರಬೇಕು, ಆದರೆ..." ಎಂದು ರಾಗ ಎಳೆದಳು. ದಾರಿ ತೋರಿಸಿದ್ದು ಕೊನೆಗೆ ಅಜ್ಜನೇ.

"ಲಂಗರಿನ ಹಗ್ಗ ಅಳಿಸಿ, ಒಬ್ಬನನ್ನು ಕೂರಿಸಿ ಕೈಗೆ ಹುಟ್ಟು ಕೊಡಿ. ಆಮೇಲೆ ಅವನು ಎತ್ತ ಬೇಕಾದರೂ ಹೋಗಲಿ."

ಹಗ್ಗ ಅಳಿಸಲು ಒಂದು ಕ್ಷಣ ಸಾಕಾಯಿತು. ಹುಟ್ಟು ಹಾಕುವವನ ಬೆನ್ನು ಎಲ್ಲಿಂದ ಬಾಗುತ್ತದೆ, ಸೊಂಟದಿಂದಲೋ ಭುಜದಿಂದಲೋ, ಎಂದು ತಿಳಿಯಲು ಈಗ ಅಜ್ಜನನ್ನೇ ಜಗಲಿಯ ಮೆಟ್ಟಿಲ ಮೇಲೆ ಪೊರಕೆ ಕೊಟ್ಟು ಕೂರಿಸಿಕೊಳ್ಳುತ್ತಿದ್ದೇನೆ.