ಟಿಸಿಗೂ ಮೊದಲು ಸಿಲಬಸ್: ಡಿಗ್ರಿ ನಡುವೆ ವಿಶ್ವವಿದ್ಯಾಲಯ ಬದಲಿಸುವವರಿಗೆ

ಅಪ್ಪನಿಗೆ ವರ್ಗವಾಗಿರುತ್ತದೆ, ಮದುವೆಯಾಗಿ ಊರು ಬದಲಾಗಿರುತ್ತದೆ, ಇಲ್ಲವೇ ಬೇರೆ ಊರಲ್ಲಿ ಕೆಲಸ ಸಿಕ್ಕಿರುತ್ತದೆ. ಆಗ ಬಹಳ ಜನ ಮೊದಲು ಹಳೆಯ ಕಾಲೇಜಿಗೆ ಹೋಗಿ ಟಿಸಿ ಕೇಳುತ್ತಾರೆ. ದಯವಿಟ್ಟು ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ಟಿಸಿ ಪಡೆದರೆ ಹಳೆಯ ಸೀಟು ಹೋದಂತೆಯೇ. ಹೊಸ ಕಡೆಯ ಒಪ್ಪಿಗೆ ಬರಹದಲ್ಲಿ ಇಲ್ಲದಿದ್ದರೆ ಎರಡೂ ಕಡೆ ಇಲ್ಲದೆ ಒಂದು ವರ್ಷ ಕಳೆದುಹೋಗುತ್ತದೆ.

ಬದಲಾಗುತ್ತಿರುವುದು ಕಾಲೇಜು ಮಾತ್ರವೋ ವಿಶ್ವವಿದ್ಯಾಲಯವೂ ಹೌದೋ, ಮೊದಲು ಖಚಿತ ಮಾಡಿಕೊಳ್ಳಿ. ಬೆಂಗಳೂರು ವಿವಿಯಿಂದ ನಗರ ವಿವಿ, ಉತ್ತರ ವಿವಿ ಬೇರೆಯಾದ ಮೇಲೆ ಅದೇ ಊರಿನ ಇನ್ನೊಂದು ಬಡಾವಣೆಯ ಕಾಲೇಜೂ ಬೇರೆ ವಿವಿಗೆ ಸೇರಿರಬಹುದು. ವಿವಿ ಬದಲಾದರೆ ಕಾಲೇಜಿನ ಟಿಸಿ ಸಾಲದು. ಹಳೆಯ ವಿವಿಯ ಮೈಗ್ರೇಷನ್ ಸರ್ಟಿಫಿಕೇಟ್ (ಬೇರೆ ವಿವಿಗೆ ಹೋಗಲು ಅಭ್ಯಂತರವಿಲ್ಲ ಎಂಬ ಪತ್ರ) ಬೇಕು, ಹೊಸ ವಿವಿಯ ಅನುಮೋದನೆಯೂ ಬೇಕು.

ಆ ಅನುಮೋದನೆ ನಿಂತಿರುವುದು ಅಂಕಪಟ್ಟಿಗಿಂತ ಹೆಚ್ಚಾಗಿ ಸಿಲಬಸ್ ಮೇಲೆ. ಹೊಸ ವಿವಿಯ ಅಧ್ಯಯನ ಮಂಡಳಿಯವರು ಎರಡೂ ಸಿಲಬಸ್ ಪಕ್ಕಪಕ್ಕ ಇಟ್ಟು ವಿಷಯ, ಗಂಟೆ, ಕ್ರೆಡಿಟ್ ಹೋಲಿಸುತ್ತಾರೆ. ಥಿಯರಿಯಲ್ಲಿ ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರಿಗೆ 15 ಗಂಟೆ ಪಾಠ. ನಿಮ್ಮಲ್ಲಿ 3 ಕ್ರೆಡಿಟ್ ಥಿಯರಿ ಮಾತ್ರ ಇದ್ದು ಅಲ್ಲಿ ಲ್ಯಾಬ್ ಕೂಡ ಇದ್ದರೆ, ಆ ಲ್ಯಾಬ್ ಪರೀಕ್ಷೆಯನ್ನು ಹೆಚ್ಚುವರಿಯಾಗಿ ಬರೆಯಲು ಹೇಳಬಹುದು. ಹಾಗಾಗಿ ಮುಗಿಸಿದ ಎಲ್ಲ ಸೆಮಿಸ್ಟರುಗಳ ಸಿಲಬಸ್ಸಿಗೆ, ಪ್ರತಿ ಪುಟಕ್ಕೂ, ಪ್ರಾಂಶುಪಾಲರ ಸಹಿ ಮತ್ತು ಸೀಲು ಹಾಕಿಸಿ. ವೆಬ್‌ಸೈಟಿನಲ್ಲಿ ಈಗ ಇರುವ ಸಿಲಬಸ್ ನಿಮ್ಮ ಬ್ಯಾಚಿನದ್ದೇ ಎಂದುಕೊಳ್ಳಬೇಡಿ. ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಸಿಲಬಸ್ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಯ ಹೊಸ ಚೌಕಟ್ಟು ಬಂತು. ಎರಡು ವರ್ಷ ಬಿಟ್ಟು ಓದಿಗೆ ಮರಳುವವರು ಹೆಚ್ಚಾಗಿ ತೊಡಕಿಗೆ ಸಿಗುವುದು ಇಲ್ಲೇ.

ಬಾಕಿ ವಿಷಯಗಳಿದ್ದರೆ ಹಳೆಯ ವಿವಿಯಲ್ಲೇ ಪಾಸು ಮಾಡಿಕೊಂಡು ಹೊರಡುವುದು ಒಳ್ಳೆಯದು. ಹಳೆಯ ವಿವಿಯ ಬ್ಯಾಕ್‌ಲಾಗನ್ನು ಹೊಸ ವಿವಿ ತನ್ನ ಪರೀಕ್ಷೆಯಲ್ಲಿ ಬರೆಸುತ್ತದೆಂದು ನಂಬಿ ಕೂರಬೇಡಿ. ಬದಲಾವಣೆಗೆ ಸರಿಯಾದ ಸಮಯ ಸಾಮಾನ್ಯವಾಗಿ ಮೂರನೇ ಸೆಮಿಸ್ಟರಿನ ಆರಂಭ. ತಡವಾದಷ್ಟೂ ಕಷ್ಟ, ಏಕೆಂದರೆ ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ಕ್ರೆಡಿಟ್ ಬ್ಯಾಂಕ್ ನಿಯಮ ಹೇಳುತ್ತದೆ. ಈ ಬ್ಯಾಂಕಿನಲ್ಲಿ, ಅಂದರೆ ನೀವು ಗಳಿಸಿದ ಕ್ರೆಡಿಟ್ಟುಗಳ ಆನ್‌ಲೈನ್ ಖಾತೆಯಲ್ಲಿ, ಜಮೆಯಾದ ಕ್ರೆಡಿಟ್ ಗರಿಷ್ಠ 7 ವರ್ಷ ಊರ್ಜಿತ. ಡಿಜಿಲಾಕರಿನಲ್ಲಿ ಎಬಿಸಿ ಐಡಿ (ಈ ಬ್ಯಾಂಕಿನ ಖಾತೆ ಸಂಖ್ಯೆ) ತೆರೆದು, ನಿಮ್ಮ ಕ್ರೆಡಿಟ್ಟುಗಳು ನಿಜಕ್ಕೂ ಅಲ್ಲಿವೆಯೇ ನೋಡಿ. ಐಡಿ ಇದ್ದ ಮಾತ್ರಕ್ಕೆ ಕ್ರೆಡಿಟ್ ತಾನಾಗಿ ಬರುವುದಿಲ್ಲ, ಹಳೆಯ ವಿವಿ ಅದನ್ನು ಏರಿಸಿರಬೇಕು.

ಮನೆ, ಮಕ್ಕಳು, ನೌಕರಿ ಎಂದು ರೆಗ್ಯುಲರ್ ಕಾಲೇಜಿಗೆ ಹೋಗಲಾಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿವಿ, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿವಿ (ಇಗ್ನೋ) ಇವೆ. ಎರಡರಲ್ಲೂ ಜುಲೈ ಮತ್ತು ಜನವರಿ ಆವೃತ್ತಿಯ ಪ್ರವೇಶ ನಡೆಯುತ್ತದೆ. ಹಳೆಯ ಕ್ರೆಡಿಟ್ ಎಷ್ಟು ಒಪ್ಪುತ್ತಾರೆಂದು ಶುಲ್ಕ ಕಟ್ಟುವ ಮೊದಲೇ ಕೇಳಿ. ದೂರಶಿಕ್ಷಣಕ್ಕೆ ಡೆಬ್ (ಯುಜಿಸಿಯ ದೂರಶಿಕ್ಷಣ ವಿಭಾಗ) ಐಡಿಯೂ ಬೇಕು, ಅದಕ್ಕೆ ಎಬಿಸಿ ಐಡಿ ಮೊದಲೇ ಇರಬೇಕು. ಮದುವೆಯ ನಂತರ ಆಧಾರಿನಲ್ಲಿ ಹೆಸರು ಬದಲಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಳೆಯದೇ ಉಳಿದಿದ್ದರೆ ಇಲ್ಲಿ ಅಡ್ಡಿಯಾಗುತ್ತದೆ. ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ ಎಂಬಷ್ಟರ ವ್ಯತ್ಯಾಸವನ್ನೂ ಮೊದಲೇ ಸರಿಪಡಿಸಿಕೊಳ್ಳಿ.

ಇನ್ನು ಹಣ. ಶುಲ್ಕ ವಾಪಸಾತಿ ಬಗ್ಗೆ ಯುಜಿಸಿಯ ಅಧಿಸೂಚನೆಗಳಿವೆ. ಪ್ರವೇಶದ ಕೊನೆಯ ದಿನಾಂಕ ದಾಟಿದಂತೆಲ್ಲ ಸಿಗುವ ಪಾಲು ಇಳಿಯುತ್ತದೆ, ಆದ್ದರಿಂದ ಪ್ರವೇಶ ರದ್ದತಿ ಅರ್ಜಿಗೆ ದಿನಾಂಕ ಸಹಿತ ಸ್ವೀಕೃತಿ ಪಡೆಯಿರಿ. ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿಯ 2018ರ ಅಧಿಸೂಚನೆ ಸ್ಪಷ್ಟವಾಗಿ ಹೇಳಿದೆ. ಕೊಡುವುದಿಲ್ಲ ಎಂದರೆ ಬಾಯಿಮಾತಿನ ವಾದ ಬೇಡ, ಅಧಿಸೂಚನೆಯ ಪ್ರತಿ ಲಗತ್ತಿಸಿ ಪ್ರಾಂಶುಪಾಲರಿಗೆ ಅರ್ಜಿ ಕೊಡಿ. ಅದರ ಒಂದು ಪ್ರತಿಯನ್ನು ವಿವಿಯ ಕುಲಸಚಿವರಿಗೂ ಕಳುಹಿಸಿ.