ಹ್ಯಾನಿಮನ್ ಇಲ್ಲದ ಸ್ಲೇಯರ್ ಸ್ಲೇಯರೇ ಅಲ್ವಾ?

ಅಮೆರಿಕದ ಮೆಟಲ್ ಬ್ಯಾಂಡ್ ಸ್ಲೇಯರ್ ಹೆಸರಿನ ಟೀ ಶರ್ಟ್ ಹಾಕಿಕೊಂಡು ಹೊರಗೆ ಹೋದರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "2012ರಲ್ಲಿ ಬೆಂಗಳೂರಲ್ಲಿ ನೀನು ನೋಡಿದ್ದು ನಿಜವಾದ ಸ್ಲೇಯರಾ? ಗಿಟಾರಿಸ್ಟ್ ಜೆಫ್ ಹ್ಯಾನಿಮನ್ ಇರಲೇ ಇಲ್ವಲ್ಲ!"

ಇರಲಿಲ್ಲ, ನಿಜ. 2011ರ ಶುರುವಿನಲ್ಲಿ ಅವನ ಕೈಗೆ ಮಾಂಸ ಕೊಳೆಯುವ ಸೋಂಕು ತಗುಲಿತ್ತು. ಜೇಡ ಕಚ್ಚಿ ಹಾಗಾಯಿತು ಅಂತ ಬ್ಯಾಂಡಿನವರು ಹೇಳಿದ್ದರು. ಅವನ ಜಾಗಕ್ಕೆ ಎಕ್ಸೋಡಸ್ ಬ್ಯಾಂಡಿನ ಗ್ಯಾರಿ ಹೋಲ್ಟ್ ಬಂದ. 2012ರ ಅಕ್ಟೋಬರ್‌ನಲ್ಲಿ ಹಾಡುಗಾರ ಟಾಮ್ ಅರಾಯಾ, ಇನ್ನೊಬ್ಬ ಗಿಟಾರಿಸ್ಟ್ ಕೆರಿ ಕಿಂಗ್, ಡ್ರಮ್ಮರ್ ಡೇವ್ ಲೊಂಬಾರ್ಡೊ ಜೊತೆ ನಮ್ಮೆದುರು ನಿಂತವನು ಹೋಲ್ಟ್. ಮುಂದಿನ ಫೆಬ್ರವರಿಯಲ್ಲಿ ಲೊಂಬಾರ್ಡೊ ಕೂಡ ಹೊರಬಿದ್ದ. 2013ರ ಮೇ 2ರಂದು ಹ್ಯಾನಿಮನ್ ಲಿವರ್ ಕೆಟ್ಟು ತೀರಿಕೊಂಡ. 49 ವರ್ಷ ಅಷ್ಟೇ.

ಈ ಜಗಳ ನನ್ನ ಸೋದರಮಾವನಿಗೆ ಅರ್ಥವೇ ಆಗುವುದಿಲ್ಲ. ಅವರು ಯಕ್ಷಗಾನದ ಹುಚ್ಚಿನವರು. "ಭಾಗವತರು ಈ ಮೇಳ ಬಿಟ್ಟು ಆ ಮೇಳ ಸೇರ್ತಾರೆ. ಹಾಗಂತ ಮೇಳದ ಹೆಸರು ಬದಲಾಗ್ತದಾ ಮಾರಾಯ?" ಅನ್ನುತ್ತಾರೆ. ಸ್ಲೇಯರ್ ಥರ ಭಾರಿ ವೇಗದ ಮೆಟಲ್ ನುಡಿಸುವ ಥ್ರ್ಯಾಶ್ ಮೆಟಲ್ ಮಂದಿಯೂ ಮೇಳ ಬದಲಿಸುವುದರಲ್ಲಿ ಕಮ್ಮಿಯೇನಿಲ್ಲ. 1983ರಲ್ಲಿ ಗಿಟಾರಿಸ್ಟ್ ಡೇವ್ ಮಸ್ಟೇನ್‌ನನ್ನು ಹೊರಗೆ ಹಾಕಿದ ಮೆಟಾಲಿಕಾ, ಕರ್ಕ್ ಹ್ಯಾಮೆಟ್‌ನನ್ನು ಕರೆತಂದಿದ್ದು ಇದೇ ಎಕ್ಸೋಡಸ್‌ನಿಂದ. ಪಾಪ, ಎಕ್ಸೋಡಸ್ ಯಾವಾಗಲೂ ಆಳು ಕೊಡುವ ಮನೆ.

ಸ್ಲೇಯರ್‌ನ ಡ್ರಮ್ಮರ್ ಕುರ್ಚಿಯಂತೂ ಬಸ್ಸಿನ ಸೀಟು. ಲೊಂಬಾರ್ಡೊ 1986ರ ಕೊನೆಗೆ ದುಡ್ಡು ಸಾಲದು ಅಂತ ಹೊರಟ, ಮರುವರ್ಷ ವಾಪಸ್ ಬಂದ. 1992ರಲ್ಲಿ ಮತ್ತೆ ಹೋದ. ಪಾಲ್ ಬಾಸ್ಟಾಫ್ ಬಂದ, ನಡುವೆ ಸ್ವಲ್ಪ ಕಾಲ ಜಾನ್ ಡೆಟ್ ಬಂದ, ಪುನಃ ಬಾಸ್ಟಾಫ್. ಆಮೇಲೆ ಲೊಂಬಾರ್ಡೊ ಮರಳಿದ. 2013ರಲ್ಲಿ ಅವನು ಹೋಗಿದ್ದೂ ದುಡ್ಡಿನ ತಕರಾರಿನಿಂದಲೇ. ಬಾಸ್ಟಾಫ್ ಬಾರಿಸುವುದು ಗಡಿಯಾರದ ಹಾಗೆ, ಒಂದು ಏಟೂ ತಪ್ಪುವುದಿಲ್ಲ. ಲೊಂಬಾರ್ಡೊ ಬಾರಿಸಿದರೆ ಹಾಡು ಇನ್ನೇನು ಮುಗ್ಗರಿಸಿತು ಅನ್ನಿಸುತ್ತದೆ, ಆದರೆ ಬೀಳದೆ ಓಡುತ್ತಲೇ ಇರುತ್ತದೆ. ನನಗೆ ಲೊಂಬಾರ್ಡೊನೇ ಇಷ್ಟ. ಆದರೂ ಬಾಸ್ಟಾಫ್ ಬಾರಿಸಿದ 1994ರ ಆಲ್ಬಮ್ಮನ್ನು ಸ್ಲೇಯರ್ ಅಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಮಾವ ಹೇಳಿದ್ದೇ ಸರಿಯಾ? ಅರ್ಧ ಸರಿ. ಮೇಳದವರು ಆಡುವ ಪ್ರಸಂಗ ಎಷ್ಟೋ ಸಲ ಬೇರೆ ಯಾರೋ, ಎಂದೋ ಬರೆದದ್ದು. ಇಲ್ಲಿ ವೇಷ ಕಟ್ಟುವವನೇ ಪ್ರಸಂಗವನ್ನೂ ಬರೆಯುತ್ತಾನೆ. 1986ರ 'ರೇನ್ ಇನ್ ಬ್ಲಡ್' ಆಲ್ಬಮ್ಮನ್ನೇ ತಗೊಳ್ಳಿ. 10 ಹಾಡು, ಎಲ್ಲ ಸೇರಿ 29 ನಿಮಿಷ. ನಮ್ಮ ಫಿಲ್ಟರ್ ಕಾಫಿ ಇಳಿಯುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಅದರ ಮೊದಲ ಹಾಡಿನ ಸಂಗೀತವೂ ಹ್ಯಾನಿಮನ್‌ದು, ಕೊನೆಯ ಹಾಡಿನದೂ ಅವನದೇ. ಜನ ಸ್ಲೇಯರ್ ಅಂದ ತಕ್ಷಣ ಗುನುಗುವ, ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಪಲುಕುಗಳು, ಅಂದರೆ ರಿಫ್‌ಗಳು ಬಹುಪಾಲು ಅವನ ಕೈಯಿಂದ ಬಂದವು. ಅವನಿಗೆ ಪಂಕ್ ಹುಚ್ಚು ಜಾಸ್ತಿ. ಆ ಒರಟುತನ, ಆ ಆತುರ ಬಂದಿದ್ದು ಅಲ್ಲಿಂದ.

ಅದಕ್ಕೇ ನನ್ನ ಉತ್ತರ ಎರಡು ತುಂಡು. ಬೆಂಗಳೂರಲ್ಲಿ ನೋಡಿದ್ದು ಸ್ಲೇಯರೇ, ಅದರಲ್ಲಿ ಅನುಮಾನವೇ ಇಲ್ಲ. ಹೋಲ್ಟ್ ಹ್ಯಾನಿಮನ್‌ನ ಹಾಡುಗಳನ್ನು ಮನೆಯ ಹಿರಿಯರ ಒಡವೆ ಮುಟ್ಟುವಷ್ಟು ಜೋಪಾನವಾಗಿ ನುಡಿಸಿದ. ಆದರೆ 2015ರ 'ರಿಪೆಂಟ್‌ಲೆಸ್' ಕೇಳುವಾಗ ನನಗೆ ಏನೋ ಖಾಲಿ ಅನ್ನಿಸುತ್ತದೆ. ಹೋಲ್ಟ್ ಅದರಲ್ಲಿ ಸೋಲೋ ನುಡಿಸಿದ್ದಾನೆ, ಹಾಡು ಕಟ್ಟಿಲ್ಲ. ಹೆಚ್ಚುಕಮ್ಮಿ ಪೂರ್ತಿ ಕಿಂಗ್ ಬರೆದದ್ದು. ಹ್ಯಾನಿಮನ್ ಬಿಟ್ಟುಹೋಗಿದ್ದ ಒಂದೇ ಒಂದು ಹಾಡು ಅದರಲ್ಲಿದೆ. ಕೆಟ್ಟ ಆಲ್ಬಮ್ ಅಲ್ಲ, ಬಿಡಿ. ಆದರೆ ಸ್ಲೇಯರ್ ಅಂದರೆ ಇಬ್ಬರು ಗಿಟಾರಿಸ್ಟ್‌ಗಳ ಹಗ್ಗಜಗ್ಗಾಟ. ಒಂದು ತುದಿ ಬಿಟ್ಟ ಮೇಲೆ ಹಗ್ಗ ಎಷ್ಟು ಎಳೆದರೂ ಬಿಗಿಯಾಗುವುದಿಲ್ಲ, ಅಲ್ವಾ?

ಇದನ್ನು ಹೇಳಿದಾಗ ಮಾವ ಸುಮ್ನೆ ಕೇಳಿಸಿಕೊಂಡರು. ಆಮೇಲೆ, "ಹಾಗಾದ್ರೆ ಹಳೆ ಪ್ರಸಂಗ ಆಡಿಕೊಂಡಿರ್ಲಿ. ಹೊಸದು ಬರೆದವ ತನ್ನ ಹೆಸರು ಹಾಕಿಕೊಳ್ಳಲಿ" ಅಂದರು.

2019ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ವಿದಾಯದ ಶೋ ಮಾಡಿ ಸುಮ್ಮನಾಗಿದ್ದ ಸ್ಲೇಯರ್ 2024ರಲ್ಲಿ ಮತ್ತೆ ವೇದಿಕೆ ಹತ್ತಿತು. ಹೋಲ್ಟ್, ಬಾಸ್ಟಾಫ್ ಇಬ್ಬರೂ ಇದ್ದರು. ನುಡಿಸಿದ್ದು ಹಳೆಯ ಹಾಡುಗಳನ್ನೇ. ಅದೇ ವರ್ಷ ಕಿಂಗ್ ತನ್ನ ಹೊಸ ಹಾಡುಗಳ ಆಲ್ಬಮ್ ತಂದ. ಡ್ರಮ್ಸ್ ಬಾಸ್ಟಾಫ್‌ದೇ. ಮುಖಪುಟದ ಮೇಲೆ ಸ್ಲೇಯರ್ ಅಂತ ಇರಲಿಲ್ಲ, ಕೆರಿ ಕಿಂಗ್ ಅಂತ ಇತ್ತು.